ಅವನನ್ನು ಕೇಳು

ಫೆಬ್ರವರಿ 4

ಪ್ರೀತಿಯ ತಮ್ಮನಿಗೆ,

ನಿನಗೊಬ್ಬಳು ಅಕ್ಕ ಇದ್ದಾಳೆ. ಮರೆತಿರಬಹುದು ಎಂದು ನೆನಪಿಸುತ್ತಿದ್ದೇನೆ. ಎರಡು ಪತ್ರ ಬರೆದೆ, ಒಂದಕ್ಕೂ ಉತ್ತರವಿಲ್ಲ. ಫೋನ್ ಮಾಡಿದರೆ ಎತ್ತುವವಳು ನಿನ್ನ ಹೆಂಡತಿ. ಅವಳು ನಿನ್ನ ಕೈಗೆ ಕೊಟ್ಟರೆ "ಹೂಂ, ಹೂಂ, ಚೆನ್ನಾಗಿದೀನಿ" ಎಂದು ಇಟ್ಟುಬಿಡುತ್ತೀಯ. ಹೋದ ಸಲ ನಾನು "ಹಲ್ಲುನೋವು ಕಣೋ, ಮೂರು ದಿನದಿಂದ ಊಟ ಇಲ್ಲ" ಎಂದರೆ, "ಒಳ್ಳೇದಾಯ್ತಕ್ಕ, ದೇವರು ದೊಡ್ಡವನು" ಎಂದೆ. ಅಂಥ ತಮ್ಮನ ಜೊತೆ ಫೋನಿನಲ್ಲಿ ಏನು ಮಾತಾಡುವುದು? ಇನ್ನು ಮೇಲೆ ಪತ್ರವೇ ಸರಿ.

ಇಲ್ಲಿ ಎಲ್ಲ ಕ್ಷೇಮ. ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುವ ಕಾಲ. ಅಂಗಡಿಯಲ್ಲಿ ಕೂತರೆ ಎದ್ದೇಳುವಾಗ ಸೊಂಟ ಹಿಡಿದುಕೊಳ್ಳುತ್ತದೆ. ಗುರುವಾರದ ಹೆಂಗಸರ ಬೈಬಲ್ ವಾಕ್ಯಕೂಟ ನಮ್ಮ ಮನೆಯಲ್ಲೇ ಬಹಳ ಚೆನ್ನಾಗಿ ನಡೆಯುತ್ತಿದೆ. ನಾನು ಬಿಡಿಸಿ ಬಿಡಿಸಿ ಹೇಳುತ್ತೇನೆ, ಅವರು ಕೂತು ಕೇಳುತ್ತಾರೆ.

ನಿನ್ನ ವಿಷಯ ಹೇಳು. ದಿನಾ ಬೆಳಿಗ್ಗೆ ವಾಕ್ಯ ಓದುತ್ತೀಯಾ? ಸಭೆಗೆ ತಪ್ಪದೆ ಹೋಗುತ್ತೀಯಾ? ಚಿಕ್ಕಂದಿನಲ್ಲಿ ನಿನ್ನ ಮೂಗು ಒರೆಸಿ, ತಲೆ ಬಾಚಿ, ಕೈ ಹಿಡಿದು ಸಭೆಗೆ ಎಳೆದುಕೊಂಡು ಹೋದವಳು ನಾನು. ವಿಚಾರಿಸುವ ಹಕ್ಕು ನನಗಿದೆ.

ನಿನ್ನ ಅಕ್ಕ


ಫೆಬ್ರವರಿ 19

ಅಕ್ಕನಿಗೆ ತಮ್ಮನ ವಂದನೆಗಳು.

ಹಲ್ಲುನೋವಿನ ವಿಷಯಕ್ಕೆ ಕ್ಷಮಿಸು. ಈಗ ವಾಸಿಯಾಗಿದೆ ಎಂದುಕೊಳ್ಳುತ್ತೇನೆ.

ಕೆಲಸ ನಡೆಯುತ್ತಿದೆ. ರಟ್ಟಿನ ಹಾಳೆಯನ್ನು ಒತ್ತಿ ಪೆಟ್ಟಿಗೆಯ ಆಕಾರಕ್ಕೆ ಕತ್ತರಿಸುವ ಅದೇ ಯಂತ್ರ. ಹದಿನಾರು ವರ್ಷವಾಯಿತು. ಗುಂಡಿ ಒತ್ತುವವನು ನಾನು, ಎದುರು ಬದಿಯಿಂದ ಹಾಳೆ ತಳ್ಳುವವನು ಉದ್ದಣ್ಣ. ಅವನು ನಿನಗೆ ಗೊತ್ತಲ್ಲ, ನಮ್ಮ ಮನೆ ಬಾಗಿಲಿಗೆ ತಲೆ ತಗುಲಿಸಿಕೊಂಡು "ಬಾಗಿಲು ಕುಳ್ಳಗಿದೆ" ಎಂದವನು. ಈಚೆಗೆ ನನ್ನ ಮೇಲೆ ಮುನಿಸಿಕೊಂಡಿದ್ದಾನೆ. ಕರೆದರೂ ತಿರುಗಿ ನೋಡುವುದಿಲ್ಲವಂತೆ, ದೊಡ್ಡ ಭಕ್ತನಾಗಿಬಿಟ್ಟಿದ್ದೇನಂತೆ.

ನಿನಗೆ ಒಂದು ಮಾತು ಹೇಳಬೇಕು. ಇದನ್ನು ಯಾರಿಗೂ ಹೇಳಿಲ್ಲ, ಇವಳಿಗೂ ಹೇಳಿಲ್ಲ. ಸಭೆಯಲ್ಲಿ ಕೂತರೂ ನನಗೆ ವಾಕ್ಯ ಕೇಳಿಸುತ್ತಿಲ್ಲ ಅಕ್ಕ. ಒಂದು ವರ್ಷದ ಮೇಲಾಯಿತು. ಮೊದಲು ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದೆ, ಈಗ ಎರಡನೇ ಬೆಂಚಿಗೆ ಬಂದಿದ್ದೇನೆ, ಆದರೂ ಇಲ್ಲ. ಎಲ್ಲರೂ ಎದ್ದಾಗ ಏಳುತ್ತೇನೆ, ಎಲ್ಲರೂ ಆಮೆನ್ ಎಂದಾಗ ಆಮೆನ್ ಎನ್ನುತ್ತೇನೆ. ಹೆದರಿಕೆಯಾಗುತ್ತದೆ. ನಿನಗೆ ಹೇಳಿದರೆ ಅರ್ಥವಾದೀತು ಎಂದು ಬರೆದೆ.

ನಿನ್ನ ತಮ್ಮ


ಫೆಬ್ರವರಿ 27

ಪ್ರೀತಿಯ ತಮ್ಮನಿಗೆ,

ನಿನ್ನ ಪತ್ರ ಓದಿ ಅತ್ತೆ. ಆಮೇಲೆ ಕಣ್ಣೊರೆಸಿಕೊಂಡು ಬರೆಯಲು ಕೂತೆ. ಅರ್ಥವಾಗದೆ ಏನು? ನನಗೆ ಎಲ್ಲ ಅರ್ಥವಾಯಿತು.

ಇದು ಬಹಳ ಜನರಿಗೆ ಬರುವ ಕಷ್ಟ. ಬೆಂಚು ಬದಲಾಯಿಸಿದರೆ ಹೋಗುವಂಥದ್ದಲ್ಲ. ಹೃದಯಕ್ಕೂ ಒಂದು ಕಿವಿ ಇದೆ, ಅದು ಮುಚ್ಚಿಕೊಂಡರೆ ಪಾಸ್ಟರ್ ನಿನ್ನ ತೊಡೆಯ ಮೇಲೆ ಕೂತು ಪ್ರಸಂಗ ಮಾಡಿದರೂ ಕೇಳಿಸುವುದಿಲ್ಲ. ಮೊದಲು ಹುಡುಕು. ಆತನು ಹೇಳಿದ ಯಾವುದೋ ಒಂದು ಮಾತನ್ನು ನೀನು ಕಿವಿಗೆ ಹಾಕಿಕೊಳ್ಳದೆ ದಾಟಿ ಬಂದಿರುತ್ತೀಯ. ಅಲ್ಲಿಗೆ ವಾಪಸ್ಸು ಹೋಗು. ಹಳೆಯ ಮಾತನ್ನು ನಡೆಸದವನಿಗೆ ಆತನು ಹೊಸ ಮಾತು ಯಾಕೆ ಹೇಳಬೇಕು? ಉದ್ದಣ್ಣ ಹೇಳುವುದರಲ್ಲೂ ಅರ್ಥವಿದೆ. ಭಕ್ತಿಯ ಹೆಸರಲ್ಲಿ ಗರ್ವ ಬಂದಿದೆಯೇನೋ ನೋಡಿಕೋ. ಕರೆದವರ ಕಡೆ ತಿರುಗಿ ನೋಡದವನಿಗೆ ಕರ್ತನ ಮುಖ ಹೇಗೆ ಕಾಣುತ್ತದೆ?

ಇದರ ಮೇಲೆ ನಾನು ನಾಲ್ಕು ಗುರುವಾರ ಮಾತಾಡಿದ್ದೇನೆ. ಟಿಪ್ಪಣಿಯನ್ನು ಪ್ರತಿ ಮಾಡಿ ಜೊತೆಗಿಟ್ಟಿದ್ದೇನೆ, ಹನ್ನೊಂದು ಪುಟ. ದಿನಕ್ಕೆ ಒಂದು ಪುಟ ಓದು.

ಮನಸ್ಸು ಬಿಚ್ಚಿ ಹೇಳಿದ್ದಕ್ಕೆ ಸಂತೋಷ.

ನಿನ್ನ ಅಕ್ಕ


ಮಾರ್ಚ್ 29

ತಮ್ಮನಿಗೆ,

ಹನ್ನೊಂದು ಪುಟ ಹನ್ನೊಂದು ದಿನಕ್ಕೆ ಮುಗಿಯಬೇಕಿತ್ತು. ಒಂದು ತಿಂಗಳಾಯಿತು. ಒಂದು ಸಾಲಾದರೂ ಬರೆಯಬಾರದೇನೋ? ಬೇಜಾರಾಗಿದ್ದರೆ ಬೇಜಾರಾಗಿದೆ ಎಂದಾದರೂ ಬರೆ.

ಅಕ್ಕ


ಏಪ್ರಿಲ್ 21

ಅಕ್ಕನಿಗೆ,

ಇಷ್ಟು ದಿನ ಬರೆಯಲಿಲ್ಲ. ಬರೆಯಲು ಕೈ ಬರಲಿಲ್ಲ.

ಮಾರ್ಚ್ 12ರಂದು ನಮ್ಮ ಯಂತ್ರದಲ್ಲಿ ಉದ್ದಣ್ಣನ ಬಲಗೈ ಸಿಕ್ಕಿಕೊಂಡಿತು. ತೋಳಿನ ಬಟ್ಟೆ ಹಾಳೆಯ ಜೊತೆ ಒಳಗೆ ಹೋಯಿತು, ಅದರ ಹಿಂದೆ ಕೈ ಹೋಯಿತು. ಮೂರು ಬೆರಳು ಹೋದವು. ನಾನು ಆ ಬದಿ ತಿರುಗಿ ಕಟ್ಟು ಬಿಚ್ಚುತ್ತಿದ್ದೆ. ಯಾರೋ ನನ್ನನ್ನು ತಳ್ಳಿ ನಿಲ್ಲಿಸುವ ಗುಂಡಿ ಒತ್ತಿದಾಗಲೇ ನನಗೆ ಗೊತ್ತಾದದ್ದು. ಅಂದು ಬೆಳಿಗ್ಗೆಯೇ ನಾವಿಬ್ಬರೂ ಜಗಳವಾಡಿದ್ದೆವು, ಅದೇ ಹಳೆಯ ವಿಷಯ, ಕರೆದರೆ ಓಗೊಡುವುದಿಲ್ಲ ಎಂದು.

ಮ್ಯಾನೇಜರ್ ವಿಚಾರಣೆ ಮಾಡಿದರು. ಉದ್ದಣ್ಣ ಕೂಗಿದನಾ ಎಂದು ಕೇಳಿದರು. ಕೂಗಿದ್ದು ಕೇಳಲಿಲ್ಲ ಎಂದೆ. ಅವರು ಕಾಗದದ ಮೇಲೆ "ಕೂಗಲಿಲ್ಲ" ಎಂದು ಬರೆದರು. ನಾನು ಓದಿದೆ ಅಕ್ಕ. ಓದದೆ ಸಹಿ ಹಾಕಿದೆ ಎಂದು ನಿನಗೆ ಹೇಳಿದರೆ ಸುಳ್ಳಾಗುತ್ತದೆ. ಓದಿದೆ, ಎರಡು ಮಾತಿನ ವ್ಯತ್ಯಾಸ ಗೊತ್ತಾಯಿತು, ಸಹಿ ಹಾಕಿದೆ. ಆ ಕಾಗದದ ಮೇಲೆ ಅವನನ್ನು ಕೆಲಸದಿಂದ ತೆಗೆದರು. ಎಚ್ಚರವಿಲ್ಲದೆ ಕೈ ಹಾಕಿದ, ಸಹಾಯಕ್ಕೂ ಕೂಗಲಿಲ್ಲ, ಎಲ್ಲ ಅವನದೇ ತಪ್ಪು ಎಂದು.

ಅವನು ಕೂಗಿದ್ದ. ಆಚೆ ಗೇಟಿನಲ್ಲಿದ್ದ ಕಾವಲುಗಾರನಿಗೆ ಕೇಳಿಸಿದೆ. ಆದರೆ ಅವನನ್ನು ಯಾರೂ ವಿಚಾರಿಸಲಿಲ್ಲ.

ಇಲ್ಲಿ ಎರಡು ಸಾಲು ಹೊಡೆದು ಹಾಕಿದ್ದೇನೆ. ಓದಲು ಹೋಗಬೇಡ.

ಬೆಳಿಗ್ಗೆ ವಾಕ್ಯ ಓದಲು ಕೂತರೆ ಒಂದೇ ಭಾಗ ಎದುರಾಗುತ್ತದೆ. ದೇವರಿಗೆ ಕಾಣಿಕೆ ತಂದವನಿಗೆ, ಯಾರ ಮನಸ್ಸನ್ನಾದರೂ ನೋಯಿಸಿದ್ದು ನೆನಪಾದರೆ, ಕಾಣಿಕೆ ಅಲ್ಲೇ ಇಟ್ಟು ಮೊದಲು ಅವನ ಬಳಿ ಹೋಗಲು ಹೇಳಿದೆಯಲ್ಲ, ಆ ಭಾಗ. ಪುಟ ತಿರುಗಿಸುತ್ತೇನೆ. ಮಾರನೆಯ ದಿನ ಪುಸ್ತಕ ಅಲ್ಲಿಗೇ ತೆರೆದುಕೊಳ್ಳುತ್ತದೆ. ನೀನು ಹುಡುಕು ಎಂದಿದ್ದೆ. ಆಗ ನಿನ್ನ ಮೇಲೆ ಸಿಟ್ಟು ಬಂದಿತ್ತು. ಈಗ ಹುಡುಕದೆಯೇ ಸಿಕ್ಕಿದೆ.

ನಿಜ ಹೇಳಿದರೆ ನನ್ನ ಕೆಲಸ ಹೋಗುತ್ತದೆ. ಹೇಳದಿದ್ದರೆ ಅವನ ಹೆಸರು ಹೋಗಿದೆ, ಹೋದ ಹಾಗೆಯೇ ಇರುತ್ತದೆ. ನಾನು ಏನು ಮಾಡಲಿ? ನೀನೇ ಹೇಳು.

ತಮ್ಮ


ಏಪ್ರಿಲ್ 26

ತಮ್ಮನಿಗೆ,

ಅಂಗಡಿ ತುಂಬ ಜನ. ಅಂಚೆ ಡಬ್ಬಿ ತೆಗೆಯುವವನು ಹೊರಗೆ ನಿಂತು ಗೊಣಗುತ್ತಿದ್ದಾನೆ. ಎರಡೇ ಮಾತು.

ನನ್ನನ್ನು ಕೇಳಬೇಡ. ಅವನನ್ನು ಕೇಳು. ಮೊಣಕಾಲೂರಿ ಕೇಳು. ಅವನು ಏನು ಹೇಳುತ್ತಾನೋ ಹಾಗೇ ಮಾಡು, ಎಷ್ಟು ಕಷ್ಟವಾದರೂ ಸರಿ.

ಹೊಡೆದು ಹಾಕಿದ ಸಾಲನ್ನು ಬೆಳಕಿಗೆ ಹಿಡಿದು ನೋಡಿದೆ. ಓದಲಾಗಲಿಲ್ಲ.

ಅಕ್ಕ


ಮೇ 13

ಪ್ರೀತಿಯ ಅಕ್ಕನಿಗೆ,

ನೀನು ಹೇಳಿದಂತೆಯೇ ಮಾಡಿದೆ. ಮೊಣಕಾಲೂರಿದ್ದೂ ಆಯಿತು.

ನಿನ್ನ ಪತ್ರ ಬಂದ ಮೇಲೆ ಆರು ದಿನ ಕಾಲೆಳೆದೆ. ನೀನು ಇಂಥದ್ದನ್ನು ಹೇಳುತ್ತೀಯ ಎಂದುಕೊಂಡಿರಲಿಲ್ಲ. ಪ್ರಾರ್ಥನೆ ಮಾಡು ಎನ್ನುತ್ತೀಯ, ಇನ್ನೊಂದು ಹನ್ನೊಂದು ಪುಟ ಕಳಿಸುತ್ತೀಯ ಎಂದುಕೊಂಡಿದ್ದೆ. "ಅವನನ್ನು ಕೇಳು" ಎಂದಷ್ಟೇ ಇತ್ತು. ಶನಿವಾರ ಮಧ್ಯಾಹ್ನ ಉದ್ದಣ್ಣನ ಮನೆಗೆ ಹೋದೆ.

ಸೈಕಲ್ ರಿಪೇರಿ ಅಂಗಡಿಯ ಮೇಲೆ ಎರಡು ಕೋಣೆ. ಹೆಂಡತಿ ಕೆಲಸಕ್ಕೆ ಹೋಗಿದ್ದಳು. ಅವನು ಎಡಗೈಯಲ್ಲಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ, ಒಂದು ಗುಂಡಿ ತಪ್ಪಿ ಅಂಗಿಯೆಲ್ಲ ಸೊಟ್ಟಗಾಗಿತ್ತು. ನಾನು ಹೆಚ್ಚು ಯೋಚಿಸಿದರೆ ವಾಪಸ್ಸು ಇಳಿದುಬಿಡುತ್ತೇನೆ ಎಂದು ತಕ್ಷಣ ಮಂಚದ ಮುಂದೆ ಮೊಣಕಾಲೂರಿದೆ. ಅವನು ಬಗ್ಗಿ ಮಂಚದ ಕೆಳಗೆ ನೋಡಿದ.

"ಏನ್ ಬೀಳಿಸಿಕೊಂಡೆ? ಕೋಲು ತರ್ಲಾ?"

ಆ ಗಳಿಗೆಯಲ್ಲೂ ನನಗೆ ನಗು ಬಂತು. ನಗು ತಡೆದುಕೊಂಡು ಕಾಗದದ ವಿಷಯ ಹೇಳಿದೆ. "ಕೂಗಲಿಲ್ಲ" ಎಂದು ಬರೆದಿದ್ದಕ್ಕೆ ಗೊತ್ತಿದ್ದೂ ಸಹಿ ಹಾಕಿದೆ ಎಂದೆ. ಏನು ಮಾಡಬೇಕು ಎಂದು ನಿನ್ನನ್ನೇ ಕೇಳಲು ಬಂದಿದ್ದೇನೆ, ನೀನು ಹೇಳಿದ ಹಾಗೆ ಮಾಡುತ್ತೇನೆ ಎಂದೆ. ಅವನು ಒಂದೇ ಪ್ರಶ್ನೆ ಕೇಳಿದ.

"ನಾನು ಕೂಗಿದ್ದು ನಿನಗೆ ಕೇಳಿಸ್ಲಿಲ್ವಾ?"

"ಇಲ್ಲ."

"ಮೂರು ಸಲ ಕೂಗಿದೀನಿ ಕಣೋ. ಗೇಟಿನವನಿಗೂ ಕೇಳಿಸಿದೆ."

"ನನಗೆ ಕಿವಿ ಕೇಳಿಸಲ್ಲ ಉದ್ದಣ್ಣ. ಎರಡು ವರ್ಷದಿಂದ ಕಮ್ಮಿ ಆಗ್ತಾ ಬಂತು."

ಅಕ್ಕ, ನಾನು ಹೊಡೆದು ಹಾಕಿದ್ದು ಇದನ್ನೇ. ಫೆಬ್ರವರಿಯಲ್ಲಿ ನಿನಗೆ ಬರೆದದ್ದೂ ಇದನ್ನೇ. ನೀನು ಹೃದಯದ ಕಿವಿ ಎಂದುಕೊಂಡೆ. ನಾನು ಹೇಳಿದ್ದು ತಲೆಯ ಎರಡು ಬದಿಗೆ ಇರುವ ಕಿವಿಯ ಮಾತು. ನಿಶ್ಶಬ್ದ ಕೋಣೆಯಲ್ಲಿ, ಎದುರಿಗೆ ಕೂತು, ಬಾಯಿ ನೋಡುತ್ತಿದ್ದರೆ ಮುಕ್ಕಾಲು ಪಾಲು ತಿಳಿಯುತ್ತದೆ. ಯಂತ್ರದ ಮುಂದೆ ಏನೂ ಇಲ್ಲ. ಗೊತ್ತಾದರೆ ಯಂತ್ರದಿಂದ ತೆಗೆಯುತ್ತಾರೆ ಎಂದು ಮುಚ್ಚಿಟ್ಟೆ. ನಾನು ಮುಚ್ಚಿಟ್ಟದ್ದಕ್ಕೆ ಅವನ ಬೆರಳು ಹೋಯಿತು.

ಉದ್ದಣ್ಣ ನಂಬಲಿಲ್ಲ. ಎದ್ದು ನನ್ನ ಬೆನ್ನ ಹಿಂದೆ ಹೋದ. ಏನು ಮಾಡುತ್ತಿದ್ದಾನೆ ಎಂದು ನನಗೆ ತಿಳಿಯಲಿಲ್ಲ, ಮೊಣಕಾಲೂರಿದವನು ಹಾಗೇ ಇದ್ದೆ. ತಿರುಗಿ ಎದುರಿಗೆ ಬಂದಾಗ ಅವನು ಅಳುತ್ತಿದ್ದ. ಹಿಂದೆ ನಿಂತು ಬಾಯಿಗೆ ಬಂದದ್ದೆಲ್ಲ ಬೈದನಂತೆ. ನನ್ನನ್ನು, ನನ್ನ ವಂಶವನ್ನು, ನಿನ್ನನ್ನೂ ಬಿಡಲಿಲ್ಲವಂತೆ. ನಾನು ಅಲ್ಲಾಡಲಿಲ್ಲವಂತೆ.

ನನ್ನ ಎದುರಿಗೆ ನೆಲದ ಮೇಲೆ ಕೂತು, ನನಗೆ ಕಾಣುವಂತೆ ನಿಧಾನವಾಗಿ ಹೇಳಿದ. "ಬೆಳಿಗ್ಗೆ ಜಗಳ ಆಡಿದ್ವಲ್ಲ, ಅದಕ್ಕೆ ಬೇಕಂತಲೇ ನಿಲ್ಲಿಸ್ಲಿಲ್ಲ ಅಂದ್ಕೊಂಡಿದ್ದೆ. ಹದಿನಾರು ವರ್ಷ ಎದುರಿಗೆ ನಿಂತವನು ನನ್ನ ಕೈ ಹೋಗೋದನ್ನ ಸುಮ್ನೆ ಬಿಟ್ಟ ಅಂತ. ಬೆರಳು ಹೋಗಿದ್ದು ತಡ್ಕೊಂಡೆ ಕಣೋ. ಇದನ್ನ ತಡ್ಕೊಳಕ್ಕಾಗಿರಲಿಲ್ಲ."

ಇಬ್ಬರೂ ನೆಲದ ಮೇಲೆ ಕೂತು ಅತ್ತೆವು. ನನಗೆ ಮುಚ್ಚಿಟ್ಟದ್ದು ಹೊರಗೆ ಬಂತೆಂದು ಅಳು, ಅವನಿಗೆ ನಾನು ಶತ್ರುವಲ್ಲ ಎಂದು ಅಳು. ಆಮೇಲೆ ನಾನು ಅವನ ಅಂಗಿಯ ಗುಂಡಿ ಬಿಚ್ಚಿ ಸರಿಯಾಗಿ ಹಾಕಿದೆ. ಚಹಾ ಮಾಡಿದೆ.

ಏನು ಮಾಡಬೇಕು ಎಂದು ಮತ್ತೆ ಕೇಳಿದೆ. ನೀನು ಹೇಳಿದ ಮೇಲೆ ಕೇಳದೆ ಬರುವ ಹಾಗಿಲ್ಲವಲ್ಲ. ಇದನ್ನೇ ಹೋಗಿ ಮ್ಯಾನೇಜರಿಗೆ ಹೇಳು ಎಂದ. ನಾನು ಕೂಗಿದೆ, ನಿನಗೆ ಕೇಳಿಸಲಿಲ್ಲ, ಅಷ್ಟು ಬರೆದುಕೊಡು ಎಂದ. ನನ್ನ ಕೆಲಸ ಹೋಗಬಹುದು ಎಂದೆ. ಹೋಗಬಹುದು ಎಂದ. ಸಕ್ಕರೆ ಹಚ್ಚಿ ಹೇಳುವವನಲ್ಲ ಅವನು.

ಸೋಮವಾರ ಹೋಗುತ್ತೇನೆ. ಎರಡು ತಿಂಗಳ ಮೇಲೆ ನಿನ್ನೆ ಊಟದ ರುಚಿ ಗೊತ್ತಾಯಿತು. ಇಂದು ಬೆಳಿಗ್ಗೆ ಪುಸ್ತಕ ಬೇರೆ ಪುಟಕ್ಕೆ ತೆರೆದುಕೊಂಡಿತು.

ನಿನ್ನ ತಮ್ಮ


ಮೇ 18

ನನ್ನ ತಮ್ಮನಿಗೆ,

ಅಯ್ಯೋ ಹುಚ್ಚಪ್ಪ, ನಾನು ಹೇಳಿದ್ದು ದೇವರನ್ನು ಕೇಳು ಎಂದು!

ಅಂಗಡಿಯಲ್ಲಿ ಹೊಲಿಗೆ ಬಿಟ್ಟು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ನಗುತ್ತ ನಗುತ್ತ ಅಳು ಬಂತು. ಎದುರಿಗಿದ್ದ ಗಿರಾಕಿ ಅಳತೆ ಟೇಪು ಕೊರಳಲ್ಲಿ ಹಾಕಿಕೊಂಡೇ ಹೊರಗೆ ಹೋದಳು. ಮೊಣಕಾಲೂರು ಎಂದರೆ ನಿನ್ನ ಮನೆಯಲ್ಲಿ, ಪ್ರಾರ್ಥನೆಗೆ. ಉದ್ದಣ್ಣನ ಮಂಚದ ಮುಂದೆ ಅಲ್ಲ.

ಆದರೆ ನೀನು ಓದಿದ್ದರಲ್ಲಿ ತಪ್ಪು ಹುಡುಕಲು ನನಗೆ ಬಾಯಿಲ್ಲ. ನಾನು ದೇವರಿಗೆ ಯಾವಾಗಲೂ "ಆತನು" ಎಂದೇ ಬರೆಯುವವಳು. ಅಂದು ಅವಸರದಲ್ಲಿ "ಅವನು" ಎಂದು ಬರೆದೆ. ನನ್ನ ಕೈಯಲ್ಲಿ ಅಂಥ ತಪ್ಪು ಹಿಂದೆಂದೂ ಆಗಿಲ್ಲ. ಆದದ್ದು ತಪ್ಪೋ ಅಲ್ಲವೋ ಈಗ ಗೊತ್ತಾಗುತ್ತಿಲ್ಲ. ಆತನನ್ನು ಕೇಳಿದ್ದರೂ ಆತನು ಅದನ್ನೇ ಹೇಳುತ್ತಿದ್ದನಲ್ಲ, ದಿನಾ ಬೆಳಿಗ್ಗೆ ಅದೇ ಪುಟ ತೆರೆದು ಹೇಳುತ್ತಲೇ ಇದ್ದನಲ್ಲ, ಅವನ ಬಳಿ ಹೋಗು ಎಂದು.

ನಿನ್ನ ಹತ್ತಿರ ಕ್ಷಮೆ ಕೇಳಬೇಕು. ತಮ್ಮ "ಕೇಳಿಸುತ್ತಿಲ್ಲ" ಎಂದು ಬರೆದರೆ ಅಕ್ಕ ಹನ್ನೊಂದು ಪುಟ ಕಳಿಸಿದಳು. ಹೆದರಿಕೆಯಾಗುತ್ತದೆ ಎಂದೂ ನೀನು ಬರೆದಿದ್ದೆ. ಏನಾಯಿತೋ ಎಂದು ಒಂದು ಮಾತು ಕೇಳಲಿಲ್ಲ ನಾನು. ಹಲ್ಲುನೋವಿಗೆ ನೀನು ಕೊಟ್ಟ ಉತ್ತರಕ್ಕೂ ನನ್ನ ಉತ್ತರಕ್ಕೂ ಏನು ವ್ಯತ್ಯಾಸ? ನಿನಗೆ ಕಿವಿ ಇಲ್ಲದ ಕಾರಣವಾದರೂ ಇತ್ತು.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಗುರುವಾರದ ಕೂಟ ಜನವರಿಯಲ್ಲೇ ನಿಂತುಹೋಗಿದೆ. ಚೆನ್ನಾಗಿ ನಡೆಯುತ್ತಿದೆ ಎಂದು ನಿನಗೆ ಬರೆದದ್ದು ಸುಳ್ಳು. ಒಬ್ಬೊಬ್ಬರೇ ಬರುವುದು ಬಿಟ್ಟರು. ಪಕ್ಕದ ಮನೆಯ ನರ್ಸ್ ಮುಖಕ್ಕೇ ಹೇಳಿದಳು, "ಅಕ್ಕ, ನಿಮ್ಮನೆಗೆ ಬಂದರೆ ನಿಮ್ಮ ಮಾತು ಮಾತ್ರ ಕೇಳಬೇಕು, ದೇವರ ಮಾತಿಗೆ ಸಂದೇ ಸಿಗಲ್ಲ" ಎಂದು. ನಾಲ್ಕು ತಿಂಗಳು ಅವಳ ಮೇಲೆ ಕುದಿಯುತ್ತಿದ್ದೆ. ನಿನ್ನೆ, ಗುರುವಾರ, ಅವಳ ಮನೆಗೆ ಹೋದೆ. ಈಗ ಕೂಟ ಅಲ್ಲಿ ನಡೆಯುತ್ತದೆ. ಹಿಂದೆ ಒಂದು ಸ್ಟೂಲಿನ ಮೇಲೆ ಕೂತು ಒಂದು ಗಂಟೆ ಬಾಯಿ ಬಿಡಲಿಲ್ಲ. ನನಗೆ ಹುಷಾರಿಲ್ಲ ಎಂದುಕೊಂಡು ಎಲ್ಲರೂ ಪ್ರಾರ್ಥನೆ ಮಾಡಿದರು. ಸುಮ್ಮನೆ ಮಾಡಿಸಿಕೊಂಡೆ.

ನೀನು ಹೇಳಿದ ಸೋಮವಾರ ಕಳೆದಾಯಿತು. ಏನಾಯಿತು ಬರೆ.

ಅಕ್ಕ


ಮೇ 31

ಏನಾಯಿತೋ? ಇದು ಪ್ರಶ್ನೆ ಮಾತ್ರ. ಉಪದೇಶವಿಲ್ಲ.

ಅಕ್ಕ


ಜೂನ್ 16

ಪ್ರೀತಿಯ ಅಕ್ಕನಿಗೆ,

ತೀರ್ಮಾನವಾಗದೆ ಬರೆಯುವುದು ಬೇಡ ಎಂದು ಕಾದೆ. ಈಗ ಆಗಿದೆ.

ಅಂದು ಸೋಮವಾರ ಮ್ಯಾನೇಜರ್ ಕೋಣೆಗೆ ಹೋಗಿ ನಿಂತು, ನಾನೇ ಬರೆದು ತಂದ ಕಾಗದ ಮೇಜಿನ ಮೇಲಿಟ್ಟೆ. ಅವನು ಕೂಗಿದ, ನನಗೆ ಕಿವಿ ಕೇಳಿಸುವುದಿಲ್ಲ, ಅದನ್ನು ಮುಚ್ಚಿಟ್ಟಿದ್ದೆ, ಹಿಂದಿನ ಕಾಗದ ಸುಳ್ಳು ಎಂದು ಗೊತ್ತಿದ್ದೂ ಸಹಿ ಹಾಕಿದ್ದೆ. ನಾಲ್ಕೇ ಸಾಲು. ಅವರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. ಇದನ್ನು ಕೊಟ್ಟರೆ ನಿನ್ನನ್ನು ಇನ್ನು ಯಂತ್ರದ ಮುಂದೆ ನಿಲ್ಲಿಸುವ ಹಾಗಿಲ್ಲ, ಗೊತ್ತಲ್ಲ ಎಂದು ಕೇಳಿದರು. ಗೊತ್ತು ಎಂದೆ. ಹೇಳಿ ಕಳಿಸುವವರೆಗೆ ಬರಬೇಡ ಎಂದರು.

ನಾಲ್ಕು ವಾರ ಮನೆಯಲ್ಲಿ ಕೂತೆ. ಇವಳಿಗೆ ಎಲ್ಲ ಹೇಳಿದೆ. ಬೈಯುತ್ತಾಳೆ ಎಂದುಕೊಂಡೆ. ಅವಳು ತಲೆಯ ಮೇಲೆ ಕೈ ಹೊತ್ತು ಕೂತು, "ನೀವು ನನ್ನ ಮೇಲಿನ ಪ್ರೀತಿ ಬಿಟ್ಟಿದೀರ ಅಂದ್ಕೊಂಡಿದ್ದೆ" ಎಂದಳು. ಕರೆದರೆ ತಿರುಗದ ಗಂಡ, ಕೇಳಿದ್ದಕ್ಕೆ ಇನ್ನೇನೋ ಹೇಳುವ ಗಂಡ. ಎರಡು ವರ್ಷದಿಂದ ಒಳಗೊಳಗೇ ಕೊರಗುತ್ತಿದ್ದಳಂತೆ. ಈಗ ಎದುರಿಗೆ ಬಂದು, ನನ್ನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡು ಮಾತಾಡುತ್ತಾಳೆ. ಬೈಯುವುದಕ್ಕೂ ಹಾಗೇ.

ಕಿವಿಯ ಡಾಕ್ಟರನ್ನು ನೋಡಿದ್ದಾಯಿತು. ಹೋದದ್ದು ಬರುವುದಿಲ್ಲ, ಎಡಕಿವಿಗೆ ಯಂತ್ರ ಹಾಕಿದರೆ ಸ್ವಲ್ಪ ಅನುಕೂಲವಾದೀತು ಎಂದಿದ್ದಾರೆ. ಪಾಸ್ಟರಿಗೂ ಹೇಳಿದೆ. ಅವರು ಈಗ ಶನಿವಾರವೇ ಪ್ರಸಂಗ ಬರೆದು ನನಗೊಂದು ಪ್ರತಿ ಕೊಡುತ್ತಾರೆ. ವರ್ಷಕ್ಕೂ ಮೇಲೆ ಸುಮ್ಮನೆ ಆಮೆನ್ ಎಂದವನು ಈಗ ತಿಳಿದು ಆಮೆನ್ ಎನ್ನುತ್ತಿದ್ದೇನೆ. ಎಲ್ಲರಿಗಿಂತ ಒಂದು ಪುಟ ಮುಂದೆ ಇರುತ್ತೇನೆ, ಅದೊಂದೇ ತೊಂದರೆ.

ಹೋದ ಸೋಮವಾರ ಇಬ್ಬರಿಗೂ ಕರೆ ಬಂತು. ಉದ್ದಣ್ಣನನ್ನು ತೆಗೆದ ಆದೇಶ ರದ್ದಾಗಿದೆ. ಅವನ ಮೇಲಿನ ತಪ್ಪನ್ನು ಹೊಡೆದು ಹಾಕಿ, ಅದೇ ಕಡತದಲ್ಲಿ ನನ್ನ ನಾಲ್ಕು ಸಾಲು ಸೇರಿಸಿದ್ದಾರೆ. ನನ್ನನ್ನು ಒಂದು ದರ್ಜೆ ಇಳಿಸಿದ್ದಾರೆ. ಅದು ನ್ಯಾಯವೇ. ನಮ್ಮಿಬ್ಬರನ್ನೂ ಯಂತ್ರವಿಲ್ಲದ ಕೋಣೆಗೆ, ಪೆಟ್ಟಿಗೆ ಕಟ್ಟು ಕಟ್ಟುವ ಕೆಲಸಕ್ಕೆ ಹಾಕಿದ್ದಾರೆ. ನಾನು ದಾರ ಸುತ್ತುತ್ತೇನೆ, ಅವನು ಗಂಟಿನ ಮೇಲೆ ಎಡಗೈ ಹೆಬ್ಬೆರಳು ಒತ್ತಿ ಹಿಡಿಯುತ್ತಾನೆ. ಎದುರುಬದುರು, ಮೊದಲಿನಂತೆ. ಹಳೆಯ ಯಂತ್ರಕ್ಕೆ ಈಗ ಎರಡು ಬದಿಗೂ ನಿಲ್ಲಿಸುವ ಗುಂಡಿ ಹಾಕಿಸಿದ್ದಾರೆ. ಇನ್ನು ಅಲ್ಲಿ ಯಾರೂ ಕೂಗಬೇಕಾಗಿಲ್ಲ.

ನಿನ್ನೆ ಮಧ್ಯಾಹ್ನ ಊಟದ ಹೊತ್ತಿಗೆ ಉದ್ದಣ್ಣ ನನ್ನ ಪುಸ್ತಕ ತೋರಿಸಿ, ಇದರಲ್ಲಿ ಕಿವುಡರ ವಿಷಯ ಏನಾದರೂ ಇದೆಯಾ ಎಂದು ಕೇಳಿದ. ಅವನು ಇಂಥದ್ದನ್ನು ಹಿಂದೆ ಕೇಳಿದವನಲ್ಲ. ಯೇಸು ಒಬ್ಬ ಕಿವುಡನನ್ನು ಜನರ ಗುಂಪಿನಿಂದ ಆಚೆ ಕರೆದುಕೊಂಡು ಹೋಗಿ, ಅವನ ಕಿವಿಯಲ್ಲಿ ಬೆರಳಿಟ್ಟು ವಾಸಿ ಮಾಡಿದ್ದು ಇದೆ ಎಂದೆ. ಓದು ಎಂದ. ಓದಿದೆ. ನನ್ನ ದನಿ ನನಗೆ ತಿಳಿಯುವುದಿಲ್ಲ, ಜೋರಾಯಿತೆಂದು ಕಾಣುತ್ತದೆ. ಇಪ್ಪತ್ತು ಜನ ತುತ್ತು ಕೈಯಲ್ಲಿ ಹಿಡಿದು ಇತ್ತ ತಿರುಗಿದ್ದರು. ಉದ್ದಣ್ಣ ಅಂಗೈ ಕೆಳಗೆ ಮಾಡಿ ತೋರಿಸಿದ. ತಗ್ಗಿಸಿ ಓದಿ ಮುಗಿಸಿದೆ. ಯಾರೂ ಎದ್ದು ಹೋಗಲಿಲ್ಲ ಅಕ್ಕ.

ಓದಿ ಮುಗಿದ ಮೇಲೆ ಅವನು ಏನೋ ಹೇಳಿದ. ಕೋಣೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಒಬ್ಬನಿಗೆ ನೀರು ನೆತ್ತಿಗೇರಿತು. ಮೊದಲಾಗಿದ್ದರೆ ನಾನೂ ತಿಳಿದವನಂತೆ ಹಲ್ಲು ಕಿರಿದು ಸುಮ್ಮನಾಗುತ್ತಿದ್ದೆ. ನಿನ್ನೆ ಹಾಗೆ ಮಾಡಲಿಲ್ಲ. ಕೇಳಿಸಲಿಲ್ಲ, ಇನ್ನೊಂದು ಸಲ ಹೇಳು ಎಂದೆ. ಅವನು ಒಂದು ತುಂಡು ರಟ್ಟು ಹರಿದು, ಎಡಗೈಯಲ್ಲಿ ಪೆನ್ಸಿಲ್ ಹಿಡಿದು ಬರೆಯತೊಡಗಿದ. ಈಗ ಕಲಿಯುತ್ತಿರುವ ಕೈ, ಬಹಳ ಹೊತ್ತು ಹಿಡಿಯಿತು. ಇಪ್ಪತ್ತು ಜನವೂ ಸುಮ್ಮನೆ ಕಾದರು.

ಆ ರಟ್ಟನ್ನು ಇದರ ಜೊತೆ ಇಟ್ಟಿದ್ದೇನೆ. ಅಕ್ಷರ ಸೊಟ್ಟ, ನಿನಗೆ ಓದಲಾಗದಿದ್ದರೆ ಎಂದು ಇಲ್ಲಿ ಇಳಿಸಿದ್ದೇನೆ: "ನಿನ್ನ ಯೇಸುಗೆ ಬೆರಳು ಸಾಲ್ದಿದ್ರೆ ಹೇಳು, ನನ್ನ ಹತ್ರ ಇನ್ನೂ ಏಳು ಇವೆ."

ನಿನ್ನ ತಮ್ಮ